ಗಿಡದ ಗುರುತು ಸಿಗುವುದು ಬೇಸಿಗೆಯಲ್ಲಿ

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನನಗೆ ಕೇಳದೆಯೇ ಒಂದು ಹುದ್ದೆ ಸಿಕ್ಕಿಬಿಟ್ಟಿದೆ. ಬೆಳಗ್ಗೆ ವಾಕಿಂಗ್ ಹೋದವರ ಕಣ್ಣಿಗೆ ಯಾವುದಾದರೂ ಗಿಡ ಬಿದ್ದರೆ ಫೋಟೊ ಬರುತ್ತದೆ, ಅದರ ಕೆಳಗೆ 'ಇದು ಯಾವ ಗಿಡ ಸಾರ್?' ಅಂತ ಒಂದು ಸಾಲು. ಫೋಟೊದಲ್ಲಿ ಇರುವುದು ಒಂದು ಹಳದಿ ಹೂವು, ಅಷ್ಟೇ. ಎಷ್ಟು ಹತ್ತಿರದಿಂದ ತೆಗೆದಿರುತ್ತಾರೆಂದರೆ ಹೂವು ಹೆಬ್ಬೆರಳಿನಷ್ಟಿದೆಯೋ ಅಂಗೈಯಷ್ಟಿದೆಯೋ ಗೊತ್ತಾಗುವುದಿಲ್ಲ. ಎಲೆ ಮಸುಕಾಗಿರುತ್ತದೆ, ಕಾಂಡ ಕಾಣುವುದೇ ಇಲ್ಲ, ಗಿಡವೋ ಮರವೋ ಎಂದು ಹೇಳಲೂ ಆಧಾರವಿಲ್ಲ. ಮೈಸೂರಿನ ಯಾವುದೇ ಸಾಧಾರಣ ರಸ್ತೆಯಲ್ಲಿ ಹಳದಿ ಹೂ ಬಿಡುವವು ಕಡಿಮೆಯೇ? ಕಾಂಪೌಂಡಿನೊಳಗಿಂದ ಇಣುಕುವ ಟೆಕೋಮಾ ಇದೆ, ದೇವರ ಪೂಜೆಗೆಂದು ಬೆಳೆಸಿದ ಹಳದಿ ಕಣಗಿಲೆ ಇದೆ, ರಸ್ತೆ ಬದಿಯಲ್ಲಿ ಸೀಮೆ ತಂಗಡಿಯ ಮರ ಇದೆ, ಈಚೆಗೆ ಕಾಡಂಚಿನ ಊರುಗಳಲ್ಲೆಲ್ಲ ಕಾಣುವ ಸೆನ್ನಾ ಸ್ಪೆಕ್ಟಾಬಿಲಿಸ್ ಇದೆ. ಇವಿಷ್ಟರ ನಡುವೆ, ಖಾಲಿ ಸೈಟಿನ ಮೂಲೆಯಲ್ಲಿ, ತಂಗಡಿ ಇದೆ. ಕೆಲವರು ಆವರಿಕೆ ಅನ್ನುತ್ತಾರೆ. ಈ ಪಟ್ಟಿಯಲ್ಲಿ ನಮ್ಮ ಒಣನೆಲಕ್ಕೆ ಹುಟ್ಟಿನಿಂದ ಸೇರಿದ್ದು ಅದೊಂದೇ. ಉಳಿದವುಗಳಲ್ಲಿ ಸೀಮೆ ತಂಗಡಿ ಆಗ್ನೇಯ ಏಷ್ಯಾದ್ದು, ಮಿಕ್ಕ ಮೂರೂ ಅಮೆರಿಕ ಖಂಡದಿಂದ ಬಂದವು.

'ಎಲೆಯ ಬುಡದ ಫೋಟೊ ಕಳಿಸಿ, ಕಾಯಿ ಇದ್ದರೆ ಅದನ್ನೂ ಕಳಿಸಿ' ಎಂದು ನಾನು ಬರೆಯುತ್ತೇನೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಫೋನಿನ ಯಾವುದೋ ಆ್ಯಪಿಗೆ ಅದೇ ಫೋಟೊ ತೋರಿಸಿ ಒಂದು ಉದ್ದನೆಯ ಲ್ಯಾಟಿನ್ ಹೆಸರು ಹಾಕಿರುತ್ತಾರೆ. ಎಲ್ಲರೂ ಹೆಬ್ಬೆರಳು ಎತ್ತಿ ಮುಂದೆ ಹೋಗುತ್ತಾರೆ. ಹೆಸರು ಸರಿಯೋ ತಪ್ಪೋ, ಆ ಗಿಡ ಬೇಸಿಗೆಯಲ್ಲಿ ಹೇಗಿರುತ್ತದೆ, ಅದಕ್ಕೆ ಯಾರು ನೀರು ಹಾಕಿದರು ಎಂದು ಕೇಳುವವರು ಇಲ್ಲ. ನನ್ನನ್ನು ಕೊರೆಯುತ್ತಿರುವುದು ಇದೇ. ಕಡಿಮೆ ನೀರಿನಲ್ಲಿ ಬದುಕುವ ಗಿಡ ಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ. ಆದರೆ ಗಿಡವನ್ನು ನೋಡುವುದು ಮಾತ್ರ ಅದು ಮಳೆಯಲ್ಲಿ ತೊಳೆದು ಹೂಬಿಟ್ಟು ನಿಂತಾಗ. ಬರ ತಡೆಯುವ ಗಿಡದ ಗುರುತು ಹೂವಿನಲ್ಲಿ ಸಿಗುವುದಿಲ್ಲ.

ಆ ಬೇಸಿಗೆ

2023ರ ಮುಂಗಾರು ಏನು ಮಾಡಿತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಹೇಳಿತು. ಕನ್ನಂಬಾಡಿ ಕಟ್ಟೆ ತುಂಬುವ ಮಟ್ಟವಾದ 124.80 ಅಡಿ ಮುಟ್ಟಲಿಲ್ಲ, ಮಂಡ್ಯದಲ್ಲಿ ಧರಣಿ ಎದ್ದಿತು. ಅದರ ಬಿಸಿ ನಮ್ಮ ಬೋಗಾದಿ ಕಡೆಯ ಮನೆಗಳ ಕೈತೋಟಕ್ಕೆ ತಟ್ಟಿದ್ದು ಮುಂದಿನ ಫೆಬ್ರವರಿಯಿಂದ. ಮೈಸೂರಿನ ಮಳೆ ವರ್ಷಕ್ಕೆ ಹೆಚ್ಚುಕಡಿಮೆ 800 ಮಿಲಿಮೀಟರ್. ಅದೂ ಒಂದೇ ಸಮ ಬೀಳುವುದಿಲ್ಲ. ಏಪ್ರಿಲ್ ಮೇನಲ್ಲಿ ಗುಡುಗಿನ ಮಳೆ, ಆಮೇಲೆ ಜಿಟಿಜಿಟಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಒಂದು ದೊಡ್ಡ ಪಾಲು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮುಗಿಲು ನೋಡಿ ಪ್ರಯೋಜನವಿಲ್ಲ. ಒಳ್ಳೆಯ ವರ್ಷದಲ್ಲೂ ಇಲ್ಲಿಯ ಗಿಡ ಮೂರು ನಾಲ್ಕು ತಿಂಗಳ ಒಣಗಾಲ ದಾಟಲೇಬೇಕು. ಅಂದರೆ ಬರ ಅನ್ನುವುದು ಈ ನೆಲಕ್ಕೆ ಅಪರೂಪದ ಅತಿಥಿಯಲ್ಲ, ಪ್ರತಿ ವರ್ಷ ಅದರ ಒಂದು ಸಣ್ಣ ಪಾಲು ಇದ್ದೇ ಇರುತ್ತದೆ. ಕೆಟ್ಟ ವರ್ಷದಲ್ಲಿ ಆ ಪಾಲು ಉದ್ದವಾಗುತ್ತದೆ.

ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಲಾನುಗಳು ಮೊದಲು ಹಳದಿಯಾದವು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿದವು. ಕಾಂಪೌಂಡಿನ ಉದ್ದಕ್ಕೂ ಕತ್ತರಿ ಹೊಡೆದು ನಿಲ್ಲಿಸಿದ್ದ ಗೋಲ್ಡನ್ ಡುರಾಂಟಾ ತುದಿಯಿಂದ ಸುಟ್ಟುಕೊಂಡಿತು. ಬೋರ್‌ವೆಲ್ ಕೈಬಿಟ್ಟ ಮನೆಯವರು ಟ್ಯಾಂಕರ್ ತರಿಸಿ, ಅಡುಗೆಗೆ ಎತ್ತಿಟ್ಟುಕೊಂಡು ಉಳಿದದ್ದನ್ನು ರೋಜಾ ಗಿಡಕ್ಕೆ ಹಾಕುತ್ತಿದ್ದರು. ಪಕ್ಕದ ನಲವತ್ತು ಅರವತ್ತರ ಖಾಲಿ ಸೈಟಿನಲ್ಲಿ, ಯಾರೋ ಸುರಿದ ಕಟ್ಟಡದ ಕಸದ ಮಗ್ಗುಲಲ್ಲಿ, ತಂಗಡಿ ಹೂ ಬಿಟ್ಟು ನಿಂತಿತ್ತು. ಅದರ ಬುಡದಲ್ಲಿ ಗರಸು ಮಣ್ಣು ಬಿಟ್ಟರೆ ಬೇರೇನೂ ಇಲ್ಲ. ಸೈಟಿನ ಯಜಮಾನರು ದುಬೈಯಲ್ಲಿದ್ದಾರೆ, ನೀರು ಹಾಕಲು ಬರುವಂತಿಲ್ಲ. ಗೋಡೆಯ ಈಚೆ ನಾವು ಸುರಿಯುತ್ತಿದ್ದ ನೀರಿನ ಲೆಕ್ಕ, ಗೋಡೆಯ ಆಚೆ ಸೊನ್ನೆ. ಇದನ್ನು ಗಮನಿಸಲು ಸಸ್ಯಶಾಸ್ತ್ರ ಬೇಕಾಗಿಲ್ಲ. ಆದರೂ ಆ ಬೇಸಿಗೆ ಕಳೆದ ಮೇಲೆ ಬೀದಿಯವರು ನರ್ಸರಿಗೆ ಹೋಗಿ ತಂದದ್ದು ಮತ್ತೆ ಡುರಾಂಟಾವನ್ನೇ.

ನಾನೂ ನರ್ಸರಿಗೆ ಹೋದೆ. ರಿಂಗ್ ರಸ್ತೆಯಾಚೆಯ ಒಂದು ದೊಡ್ಡ ನರ್ಸರಿ. ಹಸಿರು ಬಲೆಯ ಕೆಳಗೆ ಸಾಲುಸಾಲು ಕಪ್ಪು ಪ್ಲಾಸ್ಟಿಕ್ ಚೀಲಗಳು. ತಂಗಡಿ ಇದೆಯೇ ಎಂದದ್ದಕ್ಕೆ ಅಲ್ಲಿಯವನು ನನ್ನ ಮುಖ ನೋಡಿದ, ತಮಾಷೆ ಮಾಡುತ್ತಿದ್ದೇನೋ ಎಂದು. 'ತಂಗಡಿನಾ ಸಾ? ಅದಕ್ಯಾರ್ ಸಾ ದುಡ್ ಕೊಡ್ತಾರೆ? ಗೇಟಿಂದಾಚೆಗೆ ನೋಡಿ, ಬೇಕಾದಷ್ಟು ನಿಂತದೆ.' ಇದೇ ಒಣನೆಲದ ಬೇರೆ ಪೊದೆಗಳಾದ ಬಂದರಿಕೆ ಕೇಳಿದೆ, ಲಕ್ಕಿ ಕೇಳಿದೆ, ಕವಳೆ ಕೇಳಿದೆ. ಕವಳೆ ಮಾತ್ರ ಒಂದು ಮೂಲೆಯಲ್ಲಿ ಇತ್ತು, ಕಾಯಿ ದಪ್ಪಗಿರುವ ತೋಟದ ತಳಿ. ಅವನು ಒರಟನೇನಲ್ಲ. ಟೀ ತರಿಸಿ ಕೊಟ್ಟು ತನ್ನ ಲೆಕ್ಕ ವಿವರಿಸಿದ. ಡುರಾಂಟಾದ ಕಡ್ಡಿ ಚುಚ್ಚಿದರೆ ಕೆಲವೇ ವಾರಗಳಲ್ಲಿ ಬೇರು, ಚೀಲದಲ್ಲೇ ತುಂಬಿಕೊಂಡು ಮುದ್ದಾಗಿ ಕಾಣುತ್ತದೆ, ಕಾರಿನ ಡಿಕ್ಕಿಯಲ್ಲಿ ಹೋಗುತ್ತದೆ. ತಂಗಡಿಗೆ ಚೀಲ ಆಗಿಬರುವುದಿಲ್ಲ. ಮೇಲೆ ನಾಲ್ಕು ಎಲೆ ಬರುವಷ್ಟರಲ್ಲಿ ತಾಯಿಬೇರು ಚೀಲದ ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ನೋಡಲು ಬಡಕಲು. ಅದನ್ನು ಹೂವಿಲ್ಲದೆ ಯಾರು ಒಯ್ಯುತ್ತಾರೆ? ಕೊನೆಗೆ 'ನಿಮ್ಗೆ ನಾಟಿ ಗಿಡಾನೇ ಬೇಕು ಅಂದ್ರೆ ಇದ ತಕೊಳಿ' ಎಂದು ಒಂದು ಸಾಲು ತೋರಿಸಿದ. ಟೆಕೋಮಾ.

ಅವನನ್ನು ನೋಡಿ ನಗುವಂತಿಲ್ಲ. ಅವನ ಮಾತಿನಲ್ಲಿ ಒಂದು ನಿಜವಿದೆ. ಬರ ತಡೆಯುವ ಪೊದೆಗಿಡ ತನ್ನ ಮೊದಲ ವರ್ಷದ ದುಡಿಮೆಯನ್ನೆಲ್ಲ ಮಣ್ಣಿನ ಕೆಳಗೆ ಹಾಕುತ್ತದೆ. ಮೇಲೆ ತೋರಿಸಲು ಅದರ ಬಳಿ ಏನೂ ಇರುವುದಿಲ್ಲ. ಮಾರುಕಟ್ಟೆಗೆ ಬೇಕಾದದ್ದು ಮೇಲಿನದ್ದು. ಆದ್ದರಿಂದ ಈ ಗಿಡಗಳು ನರ್ಸರಿಯಲ್ಲಿ ಸಿಗದೆ ಇರುವುದಕ್ಕೆ ಯಾರದೋ ನಿರ್ಲಕ್ಷ್ಯ ಕಾರಣ ಅಂತ ನಾನು ಹೇಳಲಾರೆ, ಅವುಗಳ ಗುಣವೇ ಕಾರಣ. ಅರಣ್ಯ ಇಲಾಖೆಯ ಸಸಿಗಳಲ್ಲಿ ನೋಡಿದರೆ ಹೊಂಗೆ, ಬೇವು, ನೇರಳೆ, ತೇಗ. ಅಲ್ಲಿ ಮರಗಳದ್ದೇ ಮಾತು. ಮರಕ್ಕೆ ಒಂದು ಇಲಾಖೆ, ಹೂವಿಗೆ ಒಂದು ಇಲಾಖೆ, ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ. ನಡುವೆ ಸಿಕ್ಕ ಪೊದೆಗೆ ದಿಕ್ಕಿಲ್ಲ.

ದೊಡ್ಡವ್ವನ ಪರೀಕ್ಷೆ

ಗುರುತು ಹಿಡಿಯುವುದನ್ನು ನಾನು ಕಲಿತದ್ದು ನಾಗಮಂಗಲದ ಹತ್ತಿರದ ನಮ್ಮ ತಾಯಿಯ ಊರಿನಲ್ಲಿ, ದೊಡ್ಡವ್ವನ ಹಿಂದೆ ನಡೆದು. ಮಂಡ್ಯ ಎಂದರೆ ಕಬ್ಬು, ಭತ್ತ, ನಾಲೆ ಎಂದುಕೊಂಡವರು ನಾಗಮಂಗಲದ ಕಡೆ ಒಮ್ಮೆ ಹೋಗಬೇಕು. ಅಲ್ಲಿ ರಾಗಿ, ಹುರುಳಿ, ಕಲ್ಲು, ಬೇಲಿ. ದೊಡ್ಡವ್ವ ಬದುಕಿನ ಬಹುಪಾಲು ಆಡು ಮೇಯಿಸಿದವಳು. ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಹೊಲದ ಬೇಲಿಯ ಉದ್ದಕ್ಕೂ ನಡೆಯುತ್ತ, ನಾನು ಫೋನಿನಲ್ಲಿ ಹೂವಿನ ಫೋಟೊ ತೆಗೆಯುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನೋಡಿ ಸಾಕಾಗಿ ಹೇಳಿದಳು: 'ಹೂವ್ನೇನ್ ನೋಡ್ತೀಯಾ ಮಗ, ಅದು ನಾಕ್ ದಿನ ಇದ್ದು ಉದ್ರೋಯ್ತದೆ. ಎಲೆ ಕಿತ್ತು ಉಜ್ಜು. ಮೂಗ್ಗಿಟ್ಕೊ. ಆಮೇಕೆ ಕಡ್ಡಿ ಮುರಿ, ಹಾಲ್ ಬತ್ತದಾ ನೋಡು.'

ಅವಳ ಪರೀಕ್ಷೆಗೆ ಕ್ರಮ ಇತ್ತು, ಅವಳು ಅದನ್ನು ಕ್ರಮ ಎಂದು ಕರೆಯದಿದ್ದರೂ. ಎಲೆ ಉಜ್ಜಿದಾಗ ಖಾರವಾಗಿ ಮೂಗಿಗೆ ಅಡರಿದರೆ, ಕೈಬೆರಳಿನಂತೆ ಐದು ಎಲೆ ಬಿಚ್ಚಿಕೊಂಡಿದ್ದರೆ, ತಳಭಾಗ ಬೆಳ್ಳಗಿದ್ದರೆ ಅದು ಲಕ್ಕಿ. ರಾಗಿ, ಅವರೆ ತುಂಬಿಡುವ ವಾಡೆಗೆ ಹುಳ ಬೀಳದಿರಲೆಂದು ಹಾಕುತ್ತಿದ್ದ ಸೊಪ್ಪು ಅದೇ. ಎಲೆ ಅಂಟಂಟಾಗಿ, ವಾರ್ನಿಷ್ ಬಳಿದಂತೆ ಹೊಳೆಯುತ್ತಿದ್ದರೆ ಬಂದರಿಕೆ. ಅದರ ಕಾಯಿಗೆ ಕಾಗದದಂಥ ರೆಕ್ಕೆಗಳು, ಒಣಗಿದ ಮೇಲೆ ಗಾಳಿಗೆ ಗಿಲಕಿಯಾಡುತ್ತವೆ. ಉಳುಕಿದ ಕಾಲಿಗೆ ಅದರ ಎಲೆ ಕಟ್ಟುತ್ತಿದ್ದರು. ಒಲೆಗೆ ಇಟ್ಟರೆ ಹಸಿಯಾಗಿದ್ದರೂ ಚಟಪಟ ಉರಿಯುತ್ತದೆ ಎಂದು ದೊಡ್ಡವ್ವನ ಶಿಫಾರಸು. ಆ ಅಂಟು, ಆ ಹೊಳಪು ಸುಮ್ಮನೆ ಬಂದದ್ದಲ್ಲ. ಎಲೆಯ ಮೇಲಿನ ರಾಳದ ಪದರ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಆವಿಯಾಗುವುದನ್ನು ತಡೆಯುತ್ತದೆ. ಎಕ್ಕದ ಎಲೆಯ ಬೂದುಮೇಣವೂ ಅದೇ ಕೆಲಸ ಮಾಡುತ್ತದೆ. ದೊಡ್ಡವ್ವ ಬೆರಳಿನಿಂದ ಮುಟ್ಟಿ ನೋಡುತ್ತಿದ್ದದ್ದು ಗಿಡದ ಬರ ತಡೆಯುವ ಅಂಗವನ್ನೇ.

ಮುಳ್ಳಿನ ಗಿಡಗಳ ವಿಷಯಕ್ಕೆ ಬಂದಾಗ ನಾನು ತಡವರಿಸಿದೆ. ಕಾರೆ ಎಂದು ಕರೆಯುವುದು ಒಂದಕ್ಕಿಂತ ಹೆಚ್ಚು ಗಿಡಗಳನ್ನು, ಊರೂರಿಗೆ ಬದಲಾಗುತ್ತದೆ. ಕವಳೆಯೂ ಮುಳ್ಳು, ಕಾರೆಯೂ ಮುಳ್ಳು, ಎರಡಕ್ಕೂ ಜೋಡಿ ಎಲೆ, ಎರಡೂ ಬಿಳಿ ಹೂ ಬಿಡುತ್ತವೆ. ದೊಡ್ಡವ್ವ ಎರಡರಿಂದಲೂ ಒಂದೊಂದು ಎಲೆ ಕಿತ್ತು ತೋರಿಸಿದಳು. ಕವಳೆಯ ತೊಟ್ಟಿನಿಂದ ಹಾಲು ಜಿನುಗಿತು, ಕಾರೆಯದು ಒಣ. ಕವಳೆಯ ಮುಳ್ಳು ಕೆಲವೆಡೆ ತುದಿಯಲ್ಲಿ ಇಬ್ಭಾಗವಾಗುತ್ತದೆ, ಕಾರೆಯದು ನೇರ. ಇಷ್ಟು ಸಾಕು. ಹೂವಾಗಲಿ ಹಣ್ಣಾಗಲಿ ಹೆಚ್ಚಿಲ್ಲದ ಮಾರ್ಚಿನಲ್ಲಿ, ಬೇಲಿಯೆಲ್ಲ ಒಂದೇ ಬಣ್ಣಕ್ಕೆ ತಿರುಗಿದ ಹೊತ್ತಿನಲ್ಲಿ, ಒಬ್ಬ ಮುದುಕಿ ಪ್ರತಿ ಗಿಡವನ್ನೂ ಮುಟ್ಟಿ ಹೇಳುತ್ತಿದ್ದಳು. (ಕವಳೆಯ ಬಗ್ಗೆ ಒಂದು ಅಡ್ಡಮಾತು. ಬೇಕರಿಯ ಕೇಕಿನ ಮೇಲೆ ಕೆಂಪಗೆ ಕೂರುವ 'ಚೆರ್ರಿ' ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಬಣ್ಣ ಹಾಕಿ ಬೇಯಿಸಿದ ಕವಳೆಕಾಯಿಯೇ. ಹೊಲದ ಬೇಲಿಯಲ್ಲಿ ಬಿಟ್ಟಿ ಸಿಗುವುದನ್ನು ಬಣ್ಣ ಕಟ್ಟಿ ಹುಟ್ಟುಹಬ್ಬದ ಕೇಕಿನ ಮೇಲೆ ಇಟ್ಟರೆ ನಾವು ತಿನ್ನುತ್ತೇವೆ.)

ನನಗೆ ಹೊಳೆಯದ ಇನ್ನೊಂದು ಸಂಗತಿಯನ್ನು ಅವಳು ಬಹಳ ಸಲೀಸಾಗಿ ಹೇಳಿದಳು. 'ಯಾಕ್ ಈ ಗಿಡಗಳೇ ಉಳ್ಕಂಡವೆ ಗೊತ್ತಾ? ಆಡು ತಿನ್ನಾಕಿಲ್ಲ, ಅದ್ಕೇಯ.' ಆಮೇಲೆ ಯೋಚಿಸಿದಷ್ಟೂ ಈ ಮಾತು ದೊಡ್ಡದಾಗುತ್ತ ಹೋಯಿತು. ಊರ ಸುತ್ತ, ಗೋಮಾಳದಲ್ಲಿ, ಖಾಲಿ ಸೈಟಿನಲ್ಲಿ ನಾವು ನೋಡುವ ತಂಗಡಿ, ಬಂದರಿಕೆ, ಲಕ್ಕಿ, ಆಡುಸೋಗೆ ಇವೆಲ್ಲ ಬರವನ್ನು ತಡೆದದ್ದರಿಂದ ಮಾತ್ರ ಉಳಿದವಲ್ಲ. ದನ ಆಡುಗಳ ಬಾಯಿಗೂ ರುಚಿಸದೆ ಉಳಿದವು. ಬರವನ್ನು ಅಷ್ಟೇ ಚೆನ್ನಾಗಿ ತಡೆಯಬಲ್ಲ, ಆದರೆ ಆಡಿಗೆ ಪ್ರಿಯವಾದ ಗಿಡಗಳು ಬೇಲಿಯ ಮುಳ್ಳಿನ ಮರೆಯಲ್ಲಿ ಮೊಂಡಾಗಿ, ಮೊಣಕಾಲೆತ್ತರಕ್ಕೆ ನಿಂತಿರುತ್ತವೆ. ಕವಳೆ, ಎಲಚಿ ಈ ಜಾತಿಯವು. ನಾವು ಅವನ್ನು ಅಲ್ಲಿ ನೋಡಿ 'ಇಷ್ಟೇ ಬೆಳೆಯುವ ಗಿಡ' ಎಂದು ತೀರ್ಮಾನಿಸುತ್ತೇವೆ. ಕಾಂಪೌಂಡಿನೊಳಗೆ ಆಡು ಬರುವುದಿಲ್ಲ. ಅಲ್ಲಿ ಕವಳೆ ಆಳೆತ್ತರ ಮೀರಿ ತುಂಬಿಕೊಳ್ಳುತ್ತದೆ, ಪಿಕಳಾರ ಗೂಡು ಕಟ್ಟುವಷ್ಟು ದಟ್ಟವಾಗುತ್ತದೆ. ಹಾಗಾಗಿ ಮನೆಯ ತೋಟಕ್ಕೆ ಗಿಡ ಆರಿಸುವಾಗ ಸುತ್ತಲಿನ ಬಯಲಿನಲ್ಲಿ ಯಾವುದು ಜೋರಾಗಿದೆ ಎಂದು ನೋಡಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಮುಳ್ಳಿನ ಮರೆಯಲ್ಲಿ ಬಗ್ಗಿ ನಿಂತದ್ದನ್ನೂ ನೋಡಬೇಕು.

ತಂಗಡಿಯನ್ನೇ ಹಿಡಿದು ಹೇಳುವುದಾದರೆ

ಹಳದಿ ಹೂಗಳ ಗೊಂದಲಕ್ಕೆ ಹೀಗೆ ಒಂದು ದಾರಿ. ಟೆಕೋಮಾದ ಹೂವು ಗಂಟೆಯಾಕಾರದ ಒಂದೇ ಕೊಳವೆ, ಎಲೆಯಂಚು ಗರಗಸದ ಹಲ್ಲು. ಹಳದಿ ಕಣಗಿಲೆಯ ಎಲೆ ಕಿರಿದು, ಮುರಿದರೆ ಹಾಲು. ಈ ಹಾಲೂ ಬೀಜವೂ ವಿಷ, ಮಕ್ಕಳಿರುವ ಮನೆಯವರು ನೆನಪಿಡಬೇಕು. ಸೀಮೆ ತಂಗಡಿ, ಸ್ಪೆಕ್ಟಾಬಿಲಿಸ್ ಎರಡೂ ಮರಗಳು. ಸ್ಪೆಕ್ಟಾಬಿಲಿಸ್‌ನ ಕಾಯಿ ಉದ್ದ, ಉರುಟು. ತಂಗಡಿ ಆಳೆತ್ತರದ ಪೊದೆ. ಎಸಳು ಐದು, ಬಿಡಿಬಿಡಿ, ಅಂಚು ಸ್ವಲ್ಪ ಸುಕ್ಕು. ಕಾಯಿ ಚಪ್ಪಟೆ, ತೆಳ್ಳಗೆ, ಒಳಗಿನ ಬೀಜ ಎಣಿಸಬಹುದಾದಷ್ಟು ಕಾಗದದಂತೆ. ಇಷ್ಟೂ ಇಲ್ಲದಿದ್ದರೂ ಒಂದು ಗುರುತು ವರ್ಷವಿಡೀ ಇರುತ್ತದೆ. ಎಲೆಯ ದಂಟು ಕೊಂಬೆಗೆ ಸೇರುವಲ್ಲಿ ಎರಡೂ ಬದಿಗೆ ಕಿವಿಯಂಥ ಅಗಲವಾದ ಎಲೆಚೂರುಗಳು. ಅದರ ವೈಜ್ಞಾನಿಕ ಹೆಸರು ಸೆನ್ನಾ ಆರಿಕುಲೇಟಾ ಆದದ್ದು ಈ ಕಿವಿಯಿಂದಲೇ. ನಾನು ಗುಂಪಿನವರನ್ನು ಎಲೆಯ ಬುಡದ ಫೋಟೊ ಕೇಳುವುದು ಇದಕ್ಕೇ.

ಈ ಗಿಡದ ತೊಗಟೆ ಒಂದು ಕಾಲದಲ್ಲಿ ದಕ್ಷಿಣ ಭಾರತದ ಚರ್ಮ ಹದಮಾಡುವ ಕಸುಬಿಗೆ ಆಧಾರವಾಗಿತ್ತು. ಗಾಡಿಗಟ್ಟಲೆ ಸುಲಿದು ಒಯ್ಯುತ್ತಿದ್ದರು. ನೆರೆಯ ತೆಲಂಗಾಣ ಇದನ್ನು ತನ್ನ ರಾಜ್ಯ ಪುಷ್ಪ ಮಾಡಿಕೊಂಡಿದೆ. ಇಲ್ಲಿ ನಾವು ಸೈಟು ಕ್ಲೀನ್ ಮಾಡಿಸುವಾಗ ಜೆಸಿಬಿಯವನಿಗೆ ಮೊದಲು ತೋರಿಸುವುದು ಇದನ್ನೇ.

ಬೆಳೆಸುವ ವಿಚಾರ ಹೇಳುವುದಾದರೆ, ನೆಡಬೇಡಿ, ಬಿತ್ತಿ. ಬೀಜದ ಸಿಪ್ಪೆ ಗಟ್ಟಿ, ಸುಮ್ಮನೆ ಮಣ್ಣಿಗೆ ಹಾಕಿದರೆ ಯಾವಾಗಲೋ ಮೊಳೆಯುತ್ತದೆ. ಮರಳು ಕಾಗದಕ್ಕೆ ಲಘುವಾಗಿ ಉಜ್ಜಿ, ಇಲ್ಲವೇ ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿ, ಉಬ್ಬಿದ ಬೀಜವನ್ನು ಗಿಡ ನಿಲ್ಲಬೇಕಾದ ಜಾಗದಲ್ಲೇ ಹಾಕುವುದು. ಬಂದರಿಕೆಗೂ ಇದೇ ಉಪಚಾರ. ಏಪ್ರಿಲ್ ಕೊನೆಗೆ ಬರುವ ಭರಣಿ ಮಳೆಗೆ ಹಾಕಿದರೆ ಬೇರು ಇಳಿಯಲು ಪೂರಾ ಮಳೆಗಾಲ ಸಿಗುತ್ತದೆ. ಕವಳೆ ಇದಕ್ಕೆ ತದ್ವಿರುದ್ಧ. ಅದರ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಣ್ಣು ತಿಂದ ಕೂಡಲೇ ಬಿತ್ತಬೇಕು. ಲಕ್ಕಿ, ಗೋರಂಟೆ, ಸ್ಫಟಿಕ ಇವು ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೂ ಹಿಡಿಯುತ್ತವೆ. ಚಾಮುಂಡಿ ಬೆಟ್ಟದಲ್ಲಿ ಬೇಕಾದಷ್ಟು ಬಂದರಿಕೆ ಇದೆಯಲ್ಲ, ಒಂದು ಕಿತ್ತು ತರೋಣ ಎಂದು ಹೊರಡಬೇಡಿ. ಅದು ಮೀಸಲು ಅರಣ್ಯ, ಕೀಳುವುದು ಅಪರಾಧ. ಮೇಲಾಗಿ ಕಿತ್ತು ತಂದದ್ದು ಬದುಕುವುದೂ ಇಲ್ಲ, ತಾಯಿಬೇರು ಕಲ್ಲಿನ ಸಂದಿಯಲ್ಲೇ ಉಳಿದಿರುತ್ತದೆ.

ಮನೆ ಕಟ್ಟಿದವರೆಲ್ಲ ತೋಟಕ್ಕೆಂದು ಒಂದು ಲೋಡು ಕೆರೆ ಗೋಡು ಹೊಡೆಸುವುದು ಇಲ್ಲಿಯ ವಾಡಿಕೆ. ಹೂವಿನ ಕುಂಡಕ್ಕೆ, ತರಕಾರಿಗೆ ಅದು ಚಿನ್ನ. ಈ ಪೊದೆಗಳಿಗೆ ಅದು ಉಪದ್ರವ. ಗೋಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಮೇಲೆಯೇ ಆರಾಮಾಗಿ ಹರಡಿಕೊಳ್ಳುತ್ತದೆ, ಗಿಡ ಉದ್ದುದ್ದ ಬೆಳೆದು ಗಾಳಿಗೆ ಒರಗುತ್ತದೆ. ಅಡಿಪಾಯ ತೋಡುವಾಗ ಬಂದ ಗರಸು ಮಣ್ಣೇ ಇವಕ್ಕೆ ಹಿತ. ಪಾತಿ ಮಾಡಿ ನೀರು ನಿಲ್ಲಿಸುವುದೂ ಬೇಡ. ಬಿಸಿಲು ಮಾತ್ರ ಪೂರಾ ಬೇಕು. ಪಕ್ಕದ ಮೂರು ಮಹಡಿ ಕಟ್ಟಡದ ನೆರಳಿನಲ್ಲಿ ತಂಗಡಿ ಹೂ ಬಿಡಲಿ ಎಂದರೆ ಬಿಡುವುದಿಲ್ಲ. ಅಂಥ ಜಾಗಕ್ಕೆ ಆಡುಸೋಗೆ ಒಗ್ಗುತ್ತದೆ.

ಬರ ತಡೆಯುವ ಗಿಡ ಎಂದರೆ ನೀರೇ ಬೇಡದ ಗಿಡ ಎಂದು ತಿಳಿದವರಿದ್ದಾರೆ. ಮೊದಲ ಬೇಸಿಗೆಯಲ್ಲಿ ಬೇರು ಆಳಕ್ಕೆ ಹೋಗಿರುವುದಿಲ್ಲ, ವಾರಕ್ಕೊಮ್ಮೆಯಾದರೂ ಒಂದು ಬಿಂದಿಗೆ ನೀರನ್ನು ನಿಧಾನವಾಗಿ ಇಳಿಯಬಿಡಬೇಕು. ದಿನಾ ಒಂದು ಚೊಂಬು ಚಿಮುಕಿಸುವುದು ಕೆಟ್ಟ ಉಪಕಾರ. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರೂ ಅಲ್ಲೇ ಉಳಿಯುತ್ತದೆ. ಎರಡನೆಯ ಬೇಸಿಗೆಯಿಂದ ಕೈಬಿಡಬಹುದು. ಆಗ ಗಿಡ ಎಲೆ ಉದುರಿಸಿ, ಸೊರಗಿ, ಸತ್ತಂತೆ ನಟಿಸಿದರೂ ಪೈಪು ಹಿಡಿದು ಓಡಬಾರದು. ನನ್ನ ಮಟ್ಟಿಗೆ ಈ ಗಿಡಗಳನ್ನು ಬೆಳೆಸುವುದರಲ್ಲಿ ಕಷ್ಟದ ಕೆಲಸ ಇದೊಂದೇ. ಮಾರ್ಚಿನಲ್ಲಿ ಸುಮ್ಮನೆ ಕೂರುವುದು.

ನಮ್ಮದು ಎನ್ನುವ ಹಠದ ಬಗ್ಗೆ

ನಾಟಿ ಗಿಡ, ನಮ್ಮ ನೆಲದ ಗಿಡ ಎಂದು ಹೇಳತೊಡಗಿದರೆ ಕೆಲವರಿಗೆ ಆವೇಶ ಬಂದುಬಿಡುತ್ತದೆ. ಹೊರಗಿನದ್ದೆಲ್ಲ ಕಿತ್ತು ಹಾಕಿ ಎನ್ನುವವರೂ ಇದ್ದಾರೆ. ಮಂಡ್ಯ ಮೈಸೂರಿನವರು ಈ ಮಾತಾಡುವ ಮುಂಚೆ ತಟ್ಟೆ ನೋಡಿಕೊಳ್ಳಬೇಕು. ರಾಗಿ ಪೂರ್ವ ಆಫ್ರಿಕಾದಿಂದ ಬಂದದ್ದು, ಮುದ್ದೆಗೆ ಕಲಸುವ ಸಾರಿನ ಮೆಣಸಿನಕಾಯಿ ಅಮೆರಿಕದ್ದು, ಹುಣಸೆಯೂ ಆಫ್ರಿಕಾದ್ದು. ಪೂಜೆಯ ಚೆಂಡು ಹೂವು, ದೇವಕಣಗಿಲೆ, ಸೀಬೆ ಇವೆಲ್ಲ ಹಡಗು ಹತ್ತಿ ಬಂದವು. ಬಂದವರೆಲ್ಲ ಕೆಟ್ಟವರಲ್ಲ. ಇತ್ತ ಬಂದರಿಕೆ ನಮ್ಮ ಬೆಟ್ಟದ್ದು ಹೌದು, ಆದರೆ ನಮ್ಮದು ಮಾತ್ರ ಅಲ್ಲ. ಆಸ್ಟ್ರೇಲಿಯಾ, ಆಫ್ರಿಕಾ, ಹವಾಯಿಯಲ್ಲೂ ತಾನೇ ಬೆಳೆಯುತ್ತದೆ. ನ್ಯೂಜಿಲೆಂಡಿನಿಂದ ಬಂದ ಅದರ ಕೆನ್ನೇರಳೆ ಎಲೆಯ ತಳಿಯನ್ನು ಹೊರದೇಶಗಳಲ್ಲಿ ತೋಟದ ಬೇಲಿಗೆಂದು ದುಡ್ಡು ಕೊಟ್ಟು ಒಯ್ಯುತ್ತಾರೆ. ನಮ್ಮ ನರ್ಸರಿಯವನಿಗೆ ಇದನ್ನು ಹೇಳಿದರೆ ಆಗಲೂ ನನ್ನ ಮುಖ ನೋಡುತ್ತಾನೆ.

ನನ್ನ ಅಳತೆ ಬೇರೆ. ಗಿಡ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ಕಾಂಪೌಂಡು ದಾಟಿ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತೇನೆ. ಲಂಟಾನ ಈ ದೇಶಕ್ಕೆ ಬಂದದ್ದು ಕಾಡಿನ ದಾರಿಯಿಂದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಚೆಂದದ ಹೂವು, ಕತ್ತರಿಸಿದರೆ ಬೇಲಿ, ನೀರು ಬೇಡ. ಇವತ್ತು ಯಾರಾದರೂ ಬರ ತಡೆಯುವ ಪೊದೆ ಹೇಳಿ ಎಂದರೆ ಎಲ್ಲ ಲಕ್ಷಣವೂ ಅದಕ್ಕೆ ಸರಿಹೊಂದುತ್ತದೆ. ಬಂಡೀಪುರಕ್ಕೆ ಹೋದವರು ರಸ್ತೆಯ ಎರಡೂ ಬದಿ ಅದನ್ನೇ ನೋಡಿ ಬರುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ. ಬುದ್ಧಿವಂತರ ಕೆಲಸ. ಆದರೆ ಕಾಡಿನ ಲಂಟಾನ ಕುರ್ಚಿಯ ಲೆಕ್ಕಕ್ಕೆ ಮುಗಿಯುವಂಥದ್ದಲ್ಲ. ಹಳದಿ ಹೂವಿನ ಸ್ಪೆಕ್ಟಾಬಿಲಿಸ್ ಕೂಡ ಚೆಂದಕ್ಕೂ ನೆರಳಿಗೂ ಎಂದು ನೆಟ್ಟದ್ದು, ಈಗ ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಹಬ್ಬುತ್ತಿದೆ. ಕೈತೋಟ ಸಣ್ಣದು, ಅದರಿಂದ ಯಾರಿಗೇನು ತೊಂದರೆ ಎಂದು ಹೇಳುವ ಹಕ್ಕನ್ನು ನಾವು ಇನ್ನೂರು ವರ್ಷದ ಹಿಂದೆಯೇ ಕಳೆದುಕೊಂಡಿದ್ದೇವೆ. ಬರ ತಡೆಯುವ ಶಕ್ತಿ ಎಂಬುದು ತಾನಾಗಿ ಒಳ್ಳೆಯ ಗುಣವಲ್ಲ. ಆ ಶಕ್ತಿಗೆ ಇಲ್ಲಿ ಕಡಿವಾಣ ಹಾಕುವವರು ಇದ್ದಾರೆಯೇ, ಅದನ್ನು ತಿನ್ನುವ ಹುಳ ಇದೆಯೇ ಎಂಬುದು ಮುಖ್ಯ.

ತಂಗಡಿಗೆ ಇದೆ. ಬಿಳಿ ಹಸಿರು ಬಣ್ಣದ ವಲಸೆ ಚಿಟ್ಟೆಗಳು ಅದರ ಚಿಗುರಿನ ಮೇಲೆ ಮೊಟ್ಟೆ ಇಡುತ್ತವೆ. ಎಲೆಯದೇ ಬಣ್ಣದ ಕಂಬಳಿಯಿಲ್ಲದ ಹುಳ ಹುಟ್ಟಿ, ಕೆಲವು ಸಲ ಪೂರಾ ಗಿಡ ಬೋಳಾಗುತ್ತದೆ. ನೋಡಿದವರು ಔಷಧಿ ಹೊಡೀರಿ ಎನ್ನುತ್ತಾರೆ. ಹೊಡೆಯಬೇಕಾಗಿಲ್ಲ, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಎಕ್ಕಕ್ಕೂ ಹೀಗೇ ತನ್ನದೇ ಚಿಟ್ಟೆ ಇದೆ. ಇನ್ನು ಹೂವಿನ ವಿಷಯ. ತಂಗಡಿಯ ಹೂವಿನಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ ಭದ್ರವಾಗಿರುತ್ತದೆ. ಮರ ಕೊರೆಯುವ ದಪ್ಪ ಕರಿ ದುಂಬಿ ಬಂದು ಹೂವನ್ನು ತಬ್ಬಿಕೊಂಡು, ರೆಕ್ಕೆಯ ಸ್ನಾಯುಗಳನ್ನು ನಡುಗಿಸುತ್ತದೆ. ಆ ನಡುಕಕ್ಕೆ ಪರಾಗ ಚಿಮ್ಮಿ ಅದರ ಹೊಟ್ಟೆಗೆ ಅಂಟುತ್ತದೆ. ದುಂಬಿ ಹಾರುವಾಗಿನ ಸದ್ದಿಗಿಂತ ಹೂ ಹಿಡಿದಾಗಿನ ಸದ್ದು ಬೇರೆ ಶ್ರುತಿಯಲ್ಲಿ, ಎತ್ತರಕ್ಕೆ ಇರುತ್ತದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಹೊರಗೆ ನಿಂತರೆ ಕೇಳಿಸುತ್ತದೆ. ನಮ್ಮ ಬೀದಿಯ ಟೆಕೋಮಾ, ಡುರಾಂಟಾಗಳಿಗೂ ದುಂಬಿ ಬರುತ್ತವೆ, ಇಲ್ಲವೆನ್ನಲಾರೆ. ಈ ನಡುಕದ ಸದ್ದು ಮಾತ್ರ ಅಲ್ಲಿ ನನಗೆ ಕೇಳಿಸಿಲ್ಲ.

ಹಾವು, ಮುಳ್ಳು, ನೆರೆಯವರು

ಇವುಗಳ ದೋಷವನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಬಂದರಿಕೆ ಬೇಸಿಗೆಯಲ್ಲಿ ಕೆದರಿದ ತಲೆಯ ಹಾಗೆ ಕಾಣುತ್ತದೆ, ನೆಂಟರು ಬಂದಾಗ ಮುಜುಗರ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಆಸ್ಪತ್ರೆಗೇ ಹೋಗಬೇಕು. ಕವಳೆಯ ಮುಳ್ಳು ಚೆಂಡಾಡುವ ಮಕ್ಕಳಿಗೂ ಗೇಟಿನ ಪಕ್ಕ ಗಾಡಿ ನಿಲ್ಲಿಸುವವರಿಗೂ ಶತ್ರು. ಅದನ್ನು ಹಿತ್ತಿಲ ಗೋಡೆಗೆ ಮೀಸಲಿಡುವುದು ಮೇಲು. ಕುಂಡದಲ್ಲಿ ಬೆಳೆಸುತ್ತೇನೆ ಎನ್ನುವ ಅಪಾರ್ಟ್‌ಮೆಂಟಿನವರಿಗೆ ಗೋರಂಟೆ, ಸ್ಫಟಿಕ ಬಿಟ್ಟರೆ ನಾನು ಬೇರೆ ಹೇಳುವುದಿಲ್ಲ. ಆಳಕ್ಕೆ ಹೋಗುವ ಬೇರನ್ನು ಕುಂಡಕ್ಕೆ ಹಾಕಿ ದಿನಾ ನೀರೆರೆದರೆ ಬರ ತಡೆಯುವ ಗಿಡ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ನೆರೆಯವರ ದೊಡ್ಡ ಆಕ್ಷೇಪ ಹಾವಿನದ್ದು. ಪೊದೆ ಇದ್ದಲ್ಲಿ ಹಾವು ಎಂದು ಎದುರು ಮನೆಯ ಅಂಕಲ್ ಬಡಾವಣೆಯ ಸಭೆಯಲ್ಲೇ ಹೇಳಿದರು. ಹಾವು ಬರುವುದು ಇಲಿ ಹುಡುಕಿಕೊಂಡು, ಇಲಿ ಬರುವುದು ರಾಶಿ ಹಾಕಿದ ಇಟ್ಟಿಗೆ, ಹಲಗೆ, ಎಸೆದ ಅನ್ನಕ್ಕೆ. ನಮ್ಮ ಬೀದಿಯಲ್ಲಿ ನಾಗರ ಸಿಕ್ಕಿದ್ದು ಅಂಕಲ್ ಮನೆಯ ಹಳೆ ಹಂಚಿನ ರಾಶಿಯಲ್ಲಿ. ಇದನ್ನು ಸಭೆಯಲ್ಲಿ ಹೇಳಲು ಹೋಗಲಿಲ್ಲ, ಅವರು ನನಗಿಂತ ಹಿರಿಯರು. ಬದಲಿಗೆ ತಂಗಡಿಯ ಬುಡದ ಒಂದು ಮೊಳ ಎತ್ತರದವರೆಗೆ ಕೊಂಬೆ ಸವರಿ ಗಾಳಿಯಾಡುವಂತೆ ಮಾಡಿದೆ. ಅಂಕಲ್‌ಗೆ ಸಮಾಧಾನ, ಗಿಡಕ್ಕೂ ಒಳ್ಳೆಯದು. ಹಿಂಗಾರು ಮುಗಿದು ಹೂವಿನ ಭರಾಟೆ ಇಳಿದ ಮೇಲೆ ಮೂರನೇ ಒಂದು ಭಾಗ ಸವರಿದರೆ ಪೊದೆ ತುಂಬಿಕೊಂಡು ಬರುತ್ತದೆ, ತೋಟದ ಗಿಡದಂತೆಯೇ ಕಾಣುತ್ತದೆ. ಜನ ಕಾಡು ಎಂದು ಮೂಗು ಮುರಿಯುವುದು ಗಿಡವನ್ನು ನೋಡಿ ಅಲ್ಲ, ಕತ್ತರಿ ಕಾಣದ್ದನ್ನು ನೋಡಿ.

ಬೀಜ ಬೇಕಾದವರಿಗೆ ಒಂದು ಮಾತು. ಫೆಬ್ರವರಿ, ಮಾರ್ಚಿನಲ್ಲಿ ರಸ್ತೆ ಬದಿಯ ತಂಗಡಿಯಲ್ಲಿ ಕಂದು ಬಣ್ಣದ ಒಣ ಕಾಯಿಗಳು ಜೋತಾಡುತ್ತಿರುತ್ತವೆ. ಕೀಳುವ ಮುಂಚೆ ಬೆಳಕಿಗೆ ಹಿಡಿದು ನೋಡಿ, ಗುಂಡಗಿನ ಸಣ್ಣ ತೂತುಗಳಿದ್ದರೆ ಅವರೆಕಾಳು ಕೊರೆಯುವ ಹುಳದ ಬಳಗದವೇ ಒಳಗೆ ಊಟ ಮುಗಿಸಿರುತ್ತವೆ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚೇ ತನ್ನಿ, ಒಂದೇ ಗಿಡದಿಂದ ಎಲ್ಲವನ್ನೂ ಕೀಳಬೇಡಿ. ಮನೆಗೆ ತಂದು ಬಿಡಿಸಿ ನೀರಿಗೆ ಹಾಕಿದರೆ ಟೊಳ್ಳು ತೇಲುತ್ತದೆ, ಗಟ್ಟಿಯದು ಮುಳುಗುತ್ತದೆ. ಮುಳುಗಿದ್ದನ್ನು ನೆರಳಿನಲ್ಲಿ ಆರಿಸಿ, ಸ್ವಲ್ಪ ಒಲೆಬೂದಿ ಬೆರೆಸಿ, ಡಬ್ಬಿಗೆ ಹಾಕಿ ಮೇಲೆ ತಿಂಗಳು, ಜಾಗ ಬರೆದಿಡಿ. ಭರಣಿಗೆ ಇನ್ನೂ ಸಮಯವಿದೆ. ಅಷ್ಟರೊಳಗೆ ಸೈಟು ಕ್ಲೀನ್ ಮಾಡಿಸುವವರಿದ್ದರೆ ಜೆಸಿಬಿಯವನಿಗೆ ಮೊದಲು ಬೇರೆ ಏನನ್ನಾದರೂ ತೋರಿಸಿ.